ಕೌದಿಯ ಬಣ್ಣ, ಮನೆಯ ಬಣ್ಣ

ನಮ್ಮ ಜಿಲ್ಲೆಯ ಜವಳಿ ಅಂಗಡಿಗಳಲ್ಲಿ ವರ್ಷಕ್ಕೆರಡು ಬಾರಿ ಬಣ್ಣ ಬದಲಾಗುತ್ತದೆ. ಓಣಂ ಹತ್ತಿರ ಬಂತೆಂದರೆ ಗಾಜಿನ ಕಪಾಟಿನ ತುಂಬ ಕೆನೆಬಿಳಿಯ ಸೀರೆಗಳು, ಅವುಗಳಿಗೆ ಬಂಗಾರದ ಕಸವಿನ ಅಂಚು. ನವರಾತ್ರಿ ಕಳೆದು ದೀಪಾವಳಿ ಸಮೀಪಿಸಿತೆಂದರೆ ಅದೇ ಕಪಾಟಿನಲ್ಲಿ ಕೆಂಪು, ಹಸಿರು, ನೇರಳೆ, ಅರಿಶಿನಗಳ ಸಂತೆ. ಎರಡೂ ಚೆಲುವೇ. ಬಿಳಿಯ ಗಾಂಭೀರ್ಯವೇನೆಂಬುದನ್ನು ನಾವು ನೆರೆಯವರಿಂದ ಕಲಿತಿದ್ದೇವೆ. ಓಣಂ ದಿನ ಕಸವು ಉಟ್ಟು ಸಂಭ್ರಮಿಸುವ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಹಾಗೆಂದು ಬಣ್ಣದ ಮೇಲಿನ ನಮ್ಮವರ ಆಸೆಯೇನೂ ಕಡಿಮೆಯಾಗಿಲ್ಲ.

ಹಬ್ಬದ ಮಾತು ಬಿಟ್ಟು ಮನೆಯ ಟ್ರಂಕಿನ ತಳಕ್ಕೆ ಒಮ್ಮೆ ಕೈಹಾಕಿ ನೋಡೋಣ. ಸೆರಗು ಹರಿದ ನೂಲಿನ ಸೀರೆ, ಅಂಚು ಮಾತ್ರ ಗಟ್ಟಿಯಾಗಿ ಉಳಿದ ಧಾರೆಸೀರೆ, ಮೈಗೆ ಹಿಡಿಯದ ರವಿಕೆ, ಮಗಳು ಐದನೆಯ ತರಗತಿಯಲ್ಲಿ ತೊಡುತ್ತಿದ್ದ ಹೂಹೂವಿನ ಲಂಗ, ದರ್ಜಿಯ ಅಂಗಡಿಯಿಂದ ಕಟ್ಟಿ ತಂದ ಚೂರುಗಳ ಗಂಟು. ಯಾವುದನ್ನೂ ಉಡುವಂತಿಲ್ಲ, ಯಾವುದನ್ನೂ ಎಸೆಯಲು ಮನಸ್ಸು ಬಾರದು. ತೀರಿಕೊಂಡ ಅಜ್ಜಿಯ ಸೀರೆಯಾದರಂತೂ ಕೇಳುವುದೇ ಬೇಡ. ಮಡಚಿಟ್ಟಲ್ಲೇ ಮಳೆಗಾಲದ ತೇವಕ್ಕೆ ಅದರ ಮಡಿಕೆಗಳು ಹಳದಿಗಟ್ಟುತ್ತವೆ. ಆಮೇಲೆ ಒಂದು ದಿನ ಯಾರೂ ಕಾಣದಂತೆ ಅದು ಹೊರಗೆ ಹೋಗುತ್ತದೆ.

ಇಂಥ ಗಂಟುಗಳಿಗೆ ಹಿಂದೆ ಮನೆಯೊಳಗೇ ಒಂದು ದಾರಿ ಇತ್ತು. ನಮ್ಮಲ್ಲಿ ಹೆಚ್ಚಿನವರು ಹುಟ್ಟಿದ ದಿನ ಮೈಗೆ ಸುತ್ತಿಸಿಕೊಂಡದ್ದು ಹೊಸ ಬಟ್ಟೆಯನ್ನಲ್ಲ, ಒಗೆದೊಗೆದು ಮೆತ್ತಗಾದ ಹಳೆಯ ನೂಲಿನ ಸೀರೆಯನ್ನು. ತೊಟ್ಟಿಲಿಗೆ ಹಾಸಿದ್ದೂ ಅದನ್ನೇ. ಸಾಕಷ್ಟು ಬಳಸಿದ ಬಟ್ಟೆಯ ಮೃದುತ್ವ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂಬುದನ್ನು ನಮ್ಮ ಹಿರಿಯ ಹೆಂಗಸರು ಬಲ್ಲವರಾಗಿದ್ದರು. ಆ ಬಲ್ಮೆಯಿಂದಲೇ ಹುಟ್ಟಿದ್ದು ಕೌದಿ.

ಚಿಂದಿಗೂಡಿದರೆ ಕೌದಿ

ಕೌದಿ ಎಂಬ ಮಾತು ನಮ್ಮ ಕರಾವಳಿಗಿಂತ ಘಟ್ಟದ ಮೇಲೆ ಹೆಚ್ಚು ಬಳಕೆಯದು. ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆಗಳಲ್ಲಿ ಕೌದಿ ಇಲ್ಲದ ಮನೆ ಅಪರೂಪವಾಗಿತ್ತು. ಗಡಿಯಾಚೆಯ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡ ಮನೆಗಳಿಗೂ ಅದು ಅಷ್ಟೇ ಹತ್ತಿರದ್ದು. ಮರಾಠಿಯವರಿಗೆ ಇದು ಗೋದಡಿ, ಗೋವೆಯ ಕೊಂಕಣಿಯವರಿಗೆ ವಾಕಳ. ಬಂಗಾಳದ ಕಾಂತಾ, ಬಿಹಾರದ ಸುಜನಿ, ಸಿಂಧ್ ಮತ್ತು ಕಚ್ಛದ ಕಡೆಯ ರಲ್ಲಿ ಎಲ್ಲವೂ ಇದೇ ಬಳಗದವು. ಹಳೆಯ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಸೂಜಿದಾರದಿಂದ ಉದ್ದಕ್ಕೂ ಜಾಡು ಹೊಲಿದು ಹೊದಿಕೆ ಮಾಡುವ ವಿದ್ಯೆ ಭಾರತದ ಬಡಮನೆಗಳು ಬೇರೆ ಬೇರೆ ಹೆಸರಿನಲ್ಲಿ ಕಾಪಾಡಿಕೊಂಡು ಬಂದ ಆಸ್ತಿ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎನ್ನುತ್ತೇವೆ. ಚಿಂದಿಗೂಡಿದರೆ ಕೌದಿ ಎಂದು ಅದಕ್ಕೆ ಸೇರಿಸಬಹುದು.

ಕೌದಿಯ ಹೊಲಿಗೆಯಲ್ಲಿ ಕಷ್ಟದ ವಿದ್ಯೆಯೇನೂ ಇಲ್ಲ. ಸೂಜಿಯನ್ನು ಮೇಲಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓಡಿಸುವ ಸಾದಾ ಹೊಲಿಗೆ ಅದು. ಶಾಲೆಯ ಮಗುವಿಗೂ ಬರುತ್ತದೆ. ಜಾಣ್ಮೆ ಇರುವುದು ಬಣ್ಣವನ್ನು ಎಲ್ಲಿ ಕೂಡಿಸಬೇಕು, ಯಾವುದರ ಪಕ್ಕ ಯಾವುದನ್ನು ಇಡಬೇಕು ಎಂಬುದರಲ್ಲಿ. ಕೈಯಲ್ಲಿರುವ ಚೂರುಗಳಷ್ಟೇ ಬಂಡವಾಳ. ಅಂಗಡಿಗೆ ಹೋಗಿ ಇದಕ್ಕೆ ಒಪ್ಪುವ ಬಣ್ಣ ಕೊಡಿ ಎಂದು ಕೇಳುವಂತಿಲ್ಲ. ಇದ್ದುದರಲ್ಲೇ ಒಪ್ಪಿಸಬೇಕು. ಬಣ್ಣದ ಕಣ್ಣು ಪಳಗುವುದು ಇಂಥ ಇಕ್ಕಟ್ಟಿನಲ್ಲಿಯೇ.

ಸಿದ್ದಿ ಹೆಂಗಸರ ಕೈಚಳಕ

ಈ ಮಾತಿಗೆ ಒಳ್ಳೆಯ ನಿದರ್ಶನ ಬೇಕೆಂದರೆ ಉತ್ತರ ಕನ್ನಡ ಜಿಲ್ಲೆಯ ಕಾಡಿನೊಳಗೆ ಹೋಗಬೇಕು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸುತ್ತಮುತ್ತ ಸಿದ್ದಿ ಜನರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ಭಾರತಕ್ಕೆ, ಬಹುಮಟ್ಟಿಗೆ ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ತರಲ್ಪಟ್ಟವರ ಸಂತತಿ ಅದು. ಕನ್ನಡ, ಕೊಂಕಣಿ, ಉರ್ದು ಅವರ ಬಾಯಲ್ಲಿವೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರು ಅವರಲ್ಲಿದ್ದಾರೆ. ಅವರ ಹೆಂಗಸರು ಹೊಲಿಯುವ ಕೌದಿಗೆ ಅಲ್ಲಿ ಕವಂದಿ ಎಂಬ ಹೆಸರೂ ಇದೆ.

ಅದರ ಕ್ರಮ ಗಮನಿಸುವಂಥದು. ಹಳೆಯ ಸೀರೆಯೊಂದನ್ನು ತಳಕ್ಕೆ ಹಾಸಿ ಒಂದು ಮೂಲೆಯಿಂದ ಕೆಲಸ ಆರಂಭಿಸುತ್ತಾರೆ. ತುಂಡೊಂದನ್ನು ಇಟ್ಟು, ಅದರ ಅಂಚನ್ನು ಮಡಚಿ, ಹೊಲಿದು, ಪಕ್ಕದಲ್ಲಿ ಇನ್ನೊಂದು ತುಂಡು. ಹೀಗೆ ಅಂಚಿನ ಗುಂಟ ನಾಲ್ಕೂ ಬದಿ ಸುತ್ತಿ ಸುತ್ತಿ ಒಳಕ್ಕೆ ಸಾಗಿ ಕೊನೆಗೆ ನಡುವಿನಲ್ಲಿ ಮುಗಿಸುತ್ತಾರೆ. ಮೊದಲೇ ಬರೆದಿಟ್ಟ ನಕ್ಷೆಯಿಲ್ಲ, ಅಳತೆಪಟ್ಟಿಯಿಲ್ಲ. ಮುಂದಿನ ತುಂಡು ಯಾವುದೆಂದು ಹಿಂದಿನ ತುಂಡೇ ಹೇಳಬೇಕು. ಎಲ್ಲ ಮುಗಿದ ಮೇಲೆ ನಾಲ್ಕು ಮೂಲೆಗಳಿಗೂ ತ್ರಿಕೋನವಾಗಿ ಮಡಚಿದ ಬಟ್ಟೆಯ ಪುಟ್ಟ ಕುಚ್ಚನ್ನು ಹೊಲಿಯುತ್ತಾರೆ. ಅದಕ್ಕೆ ಫುಲ, ಅಂದರೆ ಹೂವು ಎಂದು ಹೆಸರು. ಮೂಲೆಗೆ ಹೂವಿಲ್ಲದ ಕೌದಿ ಬತ್ತಲೆ ಇದ್ದಂತೆ ಎಂಬುದು ಅವರ ಭಾವನೆ. ಕಂದಮ್ಮಗಳಿಗಾಗಿ ಹೊಲಿದ ಪುಟ್ಟ ಕೌದಿಗಳಲ್ಲಂತೂ ಬಣ್ಣದ ಜಾತ್ರೆಯೇ ನೆರೆದಿರುತ್ತದೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳಿಗೆ ಮನಸೋತವರು. ಅವರ ನೆರವಿನಿಂದ 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘವೊಂದು ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು. ಮಣ್ಣಿನ ನೆಲದ ಮೇಲೆ ಕುಳಿತು, ಹರಿದ ರವಿಕೆಯ ತೋಳಿನಿಂದ ಹೊಲಿದ ಹೊದಿಕೆ ಮಹಾನಗರದ ಗೋಡೆಗೇರಿತು. ಯಾವ ಚಿತ್ರಕಲಾ ಶಾಲೆಯ ಮೆಟ್ಟಿಲನ್ನೂ ಹತ್ತದ ಹೆಂಗಸರ ಬಣ್ಣದ ಅರಿವಿಗೆ ಸಂದ ಗೌರವವದು.

ನೆರೆಯ ಬಣ್ಣದ ಗುಟ್ಟು

ಇವರು ಕೈಯಿಂದ ಕಂಡುಕೊಂಡುದನ್ನೇ ವಿಜ್ಞಾನಿಯೊಬ್ಬರು ಬೇರೊಂದು ದಾರಿಯಿಂದ ಕಂಡುಕೊಂಡ ಕಥೆ ಸ್ವಾರಸ್ಯವಾಗಿದೆ. ಮಿಶೆಲ್ ಯೂಜೀನ್ ಶೆವ್ರೂಲ್ ಫ್ರಾನ್ಸಿನ ರಸಾಯನಶಾಸ್ತ್ರಜ್ಞರು. 1786ರಿಂದ 1889ರವರೆಗೆ ನೂರೆರಡು ವರ್ಷ ಬದುಕಿದವರು. 1824ರಲ್ಲಿ ಪ್ಯಾರಿಸ್ಸಿನ ಗೊಬ್ಲಾಂ ಎಂಬ ಹೆಸರಾಂತ ನೇಯ್ಗೆ ಶಾಲೆಯ ಬಣ್ಣಗಾರಿಕೆ ವಿಭಾಗಕ್ಕೆ ಅವರು ಮುಖ್ಯಸ್ಥರಾದರು. ಅಲ್ಲಿಯ ಕಪ್ಪು ನೂಲಿನಲ್ಲಿ ಕಸುವಿಲ್ಲ, ನೀಲಿ ಮತ್ತು ನೇರಳೆ ಬಟ್ಟೆಯ ನೆರಳು ತೋರಿಸಲು ಬಳಸಿದರೆ ಅದು ಮಂಕಾಗುತ್ತದೆ ಎಂಬ ದೂರು ಅವರಲ್ಲಿಗೆ ಬಂತು. ಶೆವ್ರೂಲ್ ಬೇರೆ ಕಡೆಗಳ ಕಪ್ಪು ನೂಲು ತರಿಸಿ ಹೋಲಿಸಿ ನೋಡಿದರು. ನೂಲಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಪಕ್ಕದಲ್ಲಿದ್ದ ನೀಲಿಯ ಪ್ರಭಾವದಿಂದ ಕಪ್ಪು ನಮ್ಮ ಕಣ್ಣಿಗೆ ಮಂಕಾಗಿ ಕಾಣುತ್ತಿತ್ತು, ಅಷ್ಟೆ. ಒಂದು ಬಣ್ಣ ಹೇಗೆ ಕಾಣುತ್ತದೆ ಎಂಬುದನ್ನು ಅದರ ನೆರೆಯ ಬಣ್ಣವೂ ಸೇರಿ ನಿರ್ಧರಿಸುತ್ತದೆ ಎಂದು ಅವರು 1839ರಲ್ಲಿ ದೊಡ್ಡ ಗ್ರಂಥವನ್ನೇ ಬರೆದು ಪ್ರಕಟಿಸಿದರು. ಯುರೋಪಿನ ಚಿತ್ರಕಾರರ ಮೇಲೆ ಅದರ ಪ್ರಭಾವ ಬಹಳ.

ಮಕ್ಕಳನ್ನು ಕೂರಿಸಿಕೊಂಡು ಮನೆಯಲ್ಲೇ ಇದನ್ನು ಪರೀಕ್ಷಿಸಬಹುದು. ಕೆಂಪು ಬಟ್ಟೆಯ ಚೂರೊಂದನ್ನು ಅರ್ಧ ನಿಮಿಷ ರೆಪ್ಪೆ ಮಿಟುಕಿಸದೆ ನೋಡಿ, ಕೂಡಲೇ ಬಿಳಿ ಗೋಡೆಯನ್ನು ನೋಡಿದರೆ ಅಲ್ಲಿ ನಸುಹಸಿರು ಛಾಯೆಯೊಂದು ತೇಲುತ್ತದೆ. ಕೆಂಪನ್ನು ಗ್ರಹಿಸುವ ಕಣ್ಣಿನ ಕೋಶಗಳು ಅಷ್ಟರಲ್ಲಿ ದಣಿದಿರುವುದೇ ಇದಕ್ಕೆ ಕಾರಣ. ಆದ್ದರಿಂದಲೇ ಹಸಿರು ಸೀರೆಗೆ ಕೆಂಪು ಅಂಚು ಹಚ್ಚಿದರೆ ಎರಡೂ ಮಿನುಗುತ್ತವೆ. ಅರಿಶಿನದ ಪಕ್ಕ ನೇರಳೆ, ಕಿತ್ತಳೆಯ ಪಕ್ಕ ನೀಲಿ ಜೀವ ತಾಳುತ್ತವೆ. ನಮ್ಮ ಸೀರೆಯ ನೇಕಾರರಿಗೆ ಇದು ಶೆವ್ರೂಲರಿಗಿಂತ ಎಷ್ಟೋ ಮೊದಲು ತಿಳಿದಿತ್ತು. ಶಾಲಿಯ ಸಮುದಾಯದವರು ಕೈಮಗ್ಗದಲ್ಲಿ ನೇಯ್ದು ಬೆಳೆಸಿದ ನಮ್ಮ ಕಾಸರಗೋಡು ಸೀರೆಯನ್ನೇ ನೋಡಿ: ಮೈಗೊಂದು ಬಣ್ಣ, ಅಂಚಿಗೆ ಅದನ್ನು ಎತ್ತಿ ತೋರಿಸುವ ಇನ್ನೊಂದು ಬಣ್ಣ. ಭೌಗೋಳಿಕ ಗುರುತಿನ ಮನ್ನಣೆಯೂ ಅದಕ್ಕೆ ಸಿಕ್ಕಿದೆ. ಮಲಯಾಳದ ಬಿಳಿಯ ನೆರೆಯಲ್ಲಿದ್ದೇ ಅದು ತನ್ನ ಬಣ್ಣ ಉಳಿಸಿಕೊಂಡಿದೆ ಎಂಬುದು ನಮಗೆ ಹೆಮ್ಮೆಯ ಸಂಗತಿ.

ಹೊಲಿಯಹೊರಟವರಿಗೆ

ಈಗ ಕೆಲಸದ ಮಾತಿಗೆ ಬರೋಣ. ಐದೂವರೆ ಮೀಟರಿನ ನೂಲಿನ ಸೀರೆಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿದರೆ ಸುಮಾರು 1.8 ಮೀಟರ್ ಉದ್ದದ, ಸೀರೆಯ ಪನ್ನದಷ್ಟೇ ಅಗಲದ, ಮೂರು ಪದರದ ತಳ ಸಿದ್ಧವಾಗುತ್ತದೆ. ಒಬ್ಬರು ಹೊದೆಯಲು ಅದು ಧಾರಾಳ ಸಾಕು. ಅದರ ಮೇಲೆ ಬಣ್ಣದ ತುಂಡುಗಳ ಒಂದು ಪದರ. ನಮ್ಮ ಸೆಕೆಯ ಊರಿಗೆ ಇಷ್ಟೇ ದಪ್ಪ ಹಿತ. ಇನ್ನೂ ಹೆಚ್ಚು ಪದರ ಹಾಕಿದರೆ ಸೂಜಿ ಇಳಿಯುವುದೂ ಕಷ್ಟ, ಒಗೆದ ಮೇಲೆ ಒಣಗುವುದೂ ಕಷ್ಟ.

ತಳಕ್ಕೂ ಮೇಲಿನ ತುಂಡಿಗೂ ಆದಷ್ಟು ಹತ್ತಿಬಟ್ಟೆಯನ್ನೇ ಆರಿಸಬೇಕು. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಹತ್ತಿಯೊಡನೆ ಸೇರಿಸಿ ಹೊಲಿದರೆ ಒಗೆತದಲ್ಲಿ ಒಂದು ಕುಗ್ಗುತ್ತದೆ, ಇನ್ನೊಂದು ಕುಗ್ಗುವುದಿಲ್ಲ, ಕೌದಿ ಸುಕ್ಕುಗಟ್ಟುತ್ತದೆ. ಹೊಸ ಬಟ್ಟೆಯ ಚೂರಿದ್ದರೆ ಒಮ್ಮೆ ಒಗೆದು ಒಣಗಿಸಿ ಆಮೇಲೆ ಬಳಸುವುದು ಕ್ಷೇಮ. ಬಣ್ಣ ಬಿಡುವ ಬಟ್ಟೆಯ ಪರೀಕ್ಷೆ ಸುಲಭ: ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಇಟ್ಟು ಬಿಸಿ ಇಸ್ತ್ರಿಯಿಂದ ಒತ್ತಬೇಕು. ಬಿಳಿಯಲ್ಲಿ ಕಲೆ ಮೂಡಿದರೆ ಆ ತುಂಡನ್ನು ಪ್ರತ್ಯೇಕವಾಗಿ, ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಒಗೆಯಬೇಕು. ಉಪ್ಪುನೀರಿನಲ್ಲಿ ನೆನೆಸಿಟ್ಟರೆ ಬಣ್ಣ ನಿಲ್ಲುತ್ತದೆ ಎಂಬ ಮಾತು ಪ್ರಚಾರದಲ್ಲಿದೆ. ಬಣ್ಣ ಹಾಕುವ ಹೊತ್ತಿಗೆ ಉಪ್ಪು ಸಹಾಯಕವಾದೀತು. ಬಿಟ್ಟುಹೋಗುತ್ತಿರುವ ಬಣ್ಣವನ್ನು ಕಟ್ಟಿಹಾಕುವ ಶಕ್ತಿ ಅದಕ್ಕಿಲ್ಲ.

ಇನ್ನು ಬಣ್ಣ ಕೂಡಿಸುವ ಬಗೆ. ತುಂಡುಗಳನ್ನೆಲ್ಲ ಮೊದಲು ತಿಳಿ, ನಡು, ಗಾಢ ಎಂದು ಮೂರು ರಾಶಿ ಮಾಡಿಕೊಳ್ಳಬೇಕು. ಯಾವುದು ಯಾವ ರಾಶಿಗೆ ಎಂದು ಸಂಶಯ ಬಂದರೆ ಕಣ್ಣನ್ನು ಅರೆಮುಚ್ಚಿ ನೋಡಿದರಾಯಿತು. ಬಣ್ಣದ ಬೆಡಗು ಹಿಂದೆ ಸರಿದು ಬೆಳಕು ಕತ್ತಲೆಗಳ ಅಂತರ ಕಾಣುತ್ತದೆ. ಗಾಢದ ಪಕ್ಕ ತಿಳಿ ಬಂದರೆ ಆಕಾರ ಎದ್ದು ನಿಲ್ಲುತ್ತದೆ. ಎಲ್ಲವೂ ನಡುಬಣ್ಣವೇ ಆದರೆ ದೂರದಿಂದ ಕೌದಿ ಕೆಸರಿನಂತೆ ಕಾಣುತ್ತದೆ. ಒಂದೇ ಬಣ್ಣದ ತುಂಡನ್ನು ಒಂದೇ ಕಡೆ ಗುಡ್ಡೆ ಹಾಕದೆ ಮೂರು ನಾಲ್ಕು ಕಡೆ ಚದುರಿಸಿದರೆ ಕಣ್ಣು ಅದನ್ನು ಹುಡುಕಿಕೊಂಡು ಇಡೀ ಕೌದಿಯ ಮೇಲೆ ಓಡಾಡುತ್ತದೆ. ನಡುನಡುವೆ ಬಿಳಿ ಅಥವಾ ತಿಳಿಬೂದಿ ಬಣ್ಣದ ತುಂಡಿದ್ದರೆ ಕಣ್ಣಿಗೆ ವಿಶ್ರಾಂತಿ. ಬಣ್ಣ ಆರಿಸುವ ಕೆಲಸ ಮಾತ್ರ ಹಗಲಿನಲ್ಲೇ ಆಗಬೇಕು. ಅಂಗಡಿಯ ವಿದ್ಯುದ್ದೀಪದಡಿ ಒಂದೇ ಎಂದು ಕಂಡ ಎರಡು ಬಣ್ಣ ಬಿಸಿಲಿನಲ್ಲಿ ಬೇರೆಬೇರೆಯಾಗಿ ಕಾಣುವುದುಂಟು. ಸೀರೆಯನ್ನು ಅಂಗಡಿಯ ಬಾಗಿಲಿಗೆ ತಂದು ಬೆಳಕಿಗೆ ಹಿಡಿದು ನೋಡುವ ನಮ್ಮ ಹಿರಿಯರ ಪದ್ಧತಿಯಲ್ಲಿ ಶಾಸ್ತ್ರವೇ ಇದೆ.

ಹೊಲಿಗೆಯ ಜಾಡುಗಳ ನಡುವೆ ಒಂದು ಅಂಗುಲಕ್ಕಿಂತ ಹೆಚ್ಚು ಅಂತರ ಬೇಡ. ಬಿಟ್ಟರೆ ಒಗೆಯುವಾಗ ಒಳಪದರ ಜಾರಿ ಗಂಟುಗಟ್ಟುತ್ತದೆ. ಗಟ್ಟಿ ಹತ್ತಿದಾರವನ್ನು ಎರಡೆಳೆ ಮಾಡಿ ಬಳಸಬೇಕು. ಮುಗಿದ ಕೌದಿಯನ್ನು ಬಿಸಿಲಿಗೆ ಹಾಕುವಾಗ ಹಿಂಬದಿ ಮೇಲಾಗಿರಲಿ. ಬಣ್ಣ ಮಾಸುವುದು ತಡವಾಗುತ್ತದೆ. ಮಳೆಗಾಲಕ್ಕೆ ಮುಂಚೆ ಚೆನ್ನಾಗಿ ಬಿಸಿಲು ಕಾಣಿಸಿ, ಪೂರ್ತಿ ಆರಿದ ಮೇಲೆ ಒಣಗಿದ ಬೇವಿನೆಲೆಯೊಡನೆ ಮಡಚಿಟ್ಟರೆ ಹುಳದ ಕಾಟ ಕಡಿಮೆ.

ನೆಲ, ಗೋಡೆ, ಬಾಗಿಲು

ಹಳೆಯ ಮನೆಗಳಲ್ಲಿ ಬಣ್ಣವನ್ನು ಹುಡುಕಬೇಕಾಗಿರಲಿಲ್ಲ. ಕೆಮ್ಮಣ್ಣು ಬಳಿದ ಗೋಡೆ, ಕಾವಿಯ ನೆಲ, ದೀಪಾವಳಿಗೆ ಅದರ ಮೇಲೆ ಶೇಡಿಯ ಬಿಳಿ ಗೆರೆ, ಚಾವಡಿಯ ಕಪ್ಪು ಮರದ ಕಂಬ. ರಾತ್ರಿ ಆಟಕ್ಕೆ ಹೋದರೆ ದೊಂದಿಯ ಬೆಳಕಿನಲ್ಲಿ ಅಬ್ಬರಿಸುವ ಬಣ್ಣದ ವೇಷ. ಇಂದು ನಮ್ಮ ಹೊಸ ಮನೆಗಳ ನೆಲಕ್ಕೆ ತಿಳಿಬಣ್ಣದ ಟೈಲು, ಗೋಡೆಗೆ ಬಿಳಿ. ಇದನ್ನು ಹಳಿಯಬೇಕಾಗಿಲ್ಲ, ಬಿಳಿ ಗೋಡೆಯ ಮುಂದೆ ಸ್ವಲ್ಪ ಬಣ್ಣವೂ ಬಹಳವಾಗಿ ಕಾಣುತ್ತದೆ. ಕುರ್ಚಿಯ ಮೇಲೊಂದು ತೇಪೆಹೊಲಿಗೆಯ ದಿಂಬು, ದೇವರಕೋಣೆಯ ಬಾಗಿಲಿಗೆ ಹಳೆಯ ರೇಷ್ಮೆಯ ಅಂಚಿನಿಂದ ಮಾಡಿದ ತೋರಣ, ಹರಿದ ಧಾರೆಸೀರೆಯ ಸೆರಗಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿದರೆ ಒಂದು ಚಿತ್ರ. ಇಷ್ಟಕ್ಕೆ ಕಾಸು ಖರ್ಚಿಲ್ಲ ಎಂದೇ ಹೇಳಬೇಕು.

ಒಂದು ಸೂಚನೆ: ಬೆಳಕು ಕಡಿಮೆಯಿರುವ ಕೋಣೆಗೆ ಗಾಢ ಕೆಂಪು ಒಗ್ಗುವುದಿಲ್ಲ. ಮುಸ್ಸಂಜೆ ಅಂಗಳದ ದಾಸವಾಳವನ್ನು ನೋಡಿ. ಹಗಲಿಡೀ ಉರಿದ ಹೂವು ಹಸಿರೆಲೆಗಿಂತ ಮೊದಲೇ ಕಪ್ಪಾಗಿಬಿಡುತ್ತದೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಬೇಗ ಕರಗುತ್ತದೆ. ಅಂಥ ಕೋಣೆಗೆ ಬಿಳಿ ಬೆರೆತ ಹಳದಿ, ತಿಳಿಹಸಿರು ಮೇಲು.

ಹೆಸರಿದ್ದರೆ ಬಣ್ಣ

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಮನಸ್ಸಿನಲ್ಲಿರುವ ಮುಖ್ಯ ಮಾತನ್ನು ಹೇಳಿಬಿಡೋಣ. ಇಂದಿನ ಶಾಲಾಮಕ್ಕಳನ್ನು ಬಣ್ಣದ ಹೆಸರು ಕೇಳಿದರೆ ಪಿಂಕ್, ಆರೆಂಜ್, ವಯೊಲೆಟ್ ಎನ್ನುತ್ತಾರೆ. ಕನ್ನಡದಲ್ಲಿ ಹೇಳು ಎಂದರೆ ಕೆಂಪು, ಹಸಿರು, ಹಳದಿ ಎಂದು ನಾಲ್ಕಾರಕ್ಕೆ ನಿಲ್ಲುತ್ತಾರೆ. ಅವರ ಅಜ್ಜಿಯಂದಿರಿಗೆ ಬಣ್ಣ ನಾಲ್ಕಾರರಲ್ಲಿ ಮುಗಿಯುತ್ತಿರಲಿಲ್ಲ. ಗಿಳಿಹಸಿರು ಬೇರೆ, ಎಲೆಹಸಿರು ಬೇರೆ, ಪಾಚಿಹಸಿರು ಬೇರೆ. ನವಿಲಿನ ಕೊರಳಿನ ಬಣ್ಣ, ಮಾವಿನ ಚಿಗುರಿನ ಬಣ್ಣ, ದಾಳಿಂಬೆ ಹೂವಿನ ಬಣ್ಣ, ಬದನೆಯ ಬಣ್ಣ, ಈರುಳ್ಳಿ ಸಿಪ್ಪೆಯ ಬಣ್ಣ, ತುಂಬೆಯ ಬಿಳಿ, ಕಾವಿ, ಕೇಸರಿ, ಕಂದು. ಪ್ರತಿಯೊಂದು ಹೆಸರೂ ತೋಟದಿಂದ, ಅಡಿಗೆಮನೆಯಿಂದ ಎದ್ದು ಬಂದದ್ದು. ಹೊಲಿಗೆಯ ಮಾತುಗಳೂ ಹಾಗೆಯೇ. ಧಾರವಾಡದ ಕಸೂತಿಯಲ್ಲಿ ಎಳೆ ಎಣಿಸಿ ಹಾಕುವ ಹೊಲಿಗೆಗಳಿಗೆ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ಹೆಸರು. ಮೆಂತ್ಯದ ಕಾಳೂ ನೇಯ್ಗೆಯೂ ಹೊಲಿಗೆಗೆ ಹೆಸರು ಕೊಟ್ಟಿವೆ.

ಇಂಥ ಮಾತುಗಳು ಪಠ್ಯಪುಸ್ತಕದಿಂದ ಬರುವುದಿಲ್ಲ. ಅಜ್ಜಿ ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆದು, ಆ ಬದನೆ ಬಣ್ಣದ ಚೂರನ್ನು ಇತ್ತ ಕೊಡು ಎಂದಾಗ ಬರುತ್ತವೆ. ಶಾಲೆ, ಕಚೇರಿ, ಬಸ್ಸುನಿಲ್ದಾಣ ಎಲ್ಲೆಲ್ಲೂ ಮಲಯಾಳವೇ ಕೇಳುವ ನಮ್ಮ ಜಿಲ್ಲೆಯಲ್ಲಿ ಕನ್ನಡಕ್ಕೆ ಮನೆಯೊಳಗಿನ ಈ ಅರ್ಧ ಗಂಟೆ ದೊಡ್ಡದು. ಹೊಲಿಗೆ ನಿಂತ ಮನೆಯಲ್ಲಿ ಆ ಹೆಸರುಗಳಿಗೆ ಕೆಲಸವಿಲ್ಲ. ಕೆಲಸವಿಲ್ಲದ ಮಾತು ಹೆಚ್ಚು ಕಾಲ ನಿಲ್ಲುವುದಿಲ್ಲ.

ಇದರಲ್ಲಿ ನೆರೆಯ ನುಡಿಯೊಡನೆ ಜಗಳವೇನೂ ಇಲ್ಲ. ನಮ್ಮ ಕೆಂಪು ಅವರಲ್ಲಿ ಚುವಪ್ಪು. ನಮ್ಮ ಬಿಳಿ ಅವರ ವೆಳುಪ್ಪು. ನಮ್ಮ ಕಪ್ಪು, ಅವರ ಕರುಪ್ಪು. ನಮ್ಮ ಕಿವಿ ಅವರ ಚೆವಿಯಾದಂತೆ, ನಮ್ಮ ಬಾಯಿ ಅವರ ವಾಯ ಆದಂತೆ ಇವೂ ಒಂದೇ ಬಳ್ಳಿಯ ಕಾಯಿಗಳು. ಎರಡನ್ನೂ ಅಕ್ಕಪಕ್ಕ ಇಟ್ಟು ಕಲಿಸಿದರೆ ಮಕ್ಕಳಿಗೆ ಎರಡೂ ಹೊಳೆಯುತ್ತವೆ. ಕೌದಿಯ ನಿಯಮ ಇಲ್ಲಿಗೂ ಸಲ್ಲುತ್ತದೆ: ಪಕ್ಕದ ತುಂಡು ಚೆನ್ನಾಗಿದೆಯೆಂದು ನಮ್ಮ ತುಂಡನ್ನು ಕಿತ್ತುಹಾಕುವವರುಂಟೇ?

ಆಟಿ ತಿಂಗಳ ಮಳೆ ಹಿಡಿದಾಗ ತೋಟದ ಕೆಲಸ ನಿಲ್ಲುತ್ತದೆ. ಹೆಂಗಸರಿಗೆ ಜಗಲಿಯಲ್ಲಿ ಕೂರಲು ಸ್ವಲ್ಪ ಬಿಡುವು ಸಿಗುತ್ತದೆ. ಈ ಸಲ ದೊಡ್ಡ ಕೌದಿಗೇ ಕೈಹಾಕಬೇಕೆಂದಿಲ್ಲ. ತೊಟ್ಟಿಲಿಗೆ ಹಾಸುವಷ್ಟು, ಒಂದು ಗಜ ಚಚ್ಚೌಕದ ಪುಟ್ಟ ಕೌದಿ ಸಾಕು. ದಿನಕ್ಕೆ ಅರ್ಧ ಗಂಟೆ ಕೂತರೂ ಮಳೆಗಾಲ ಮುಗಿಯುವುದರೊಳಗೆ ಆಗುತ್ತದೆ. ತುಂಡು ಆರಿಸುವ ಕೆಲಸವನ್ನು ಮಕ್ಕಳಿಗೇ ಬಿಡಿ, ಗಂಡುಮಕ್ಕಳಿಗೂ ಬಿಡಿ. ಪ್ರತಿ ತುಂಡು ಯಾರ ಬಟ್ಟೆಯದು, ಅದರ ಬಣ್ಣದ ಹೆಸರೇನು ಎಂದು ಹೇಳಿಕೊಡಿ. ನಾಲ್ಕು ಮೂಲೆಗೆ ಹೂವಿಡುವುದನ್ನು ಮಾತ್ರ ಮರೆಯಬೇಡಿ.